ಖಾಲಿ ಕುರ್ಚಿಗಳ ಮುಂದೆ ಜಾದೂ

1959ರ ಲಂಡನ್. ರಂಗದ ಮೇಲೆ ರಾಕ್ ತಂಡವೊಂದು ಕುಣಿದು ಕುಪ್ಪಳಿಸುತ್ತಿದೆ, ಕೆಳಗೆ ಹುಡುಗಿಯರು ಕಿರುಚುತ್ತಿದ್ದಾರೆ. ಪರದೆಯ ಮರೆಯಲ್ಲಿ ವಯಸ್ಸಾದ ಜಾದೂಗಾರನೊಬ್ಬ ತನ್ನ ಸರದಿಗೆ ಕಾದು ನಿಂತಿದ್ದಾನೆ. ಮುಗಿಯಿತು ಅಂದುಕೊಂಡಾಗಲೆಲ್ಲ ಇನ್ನೊಂದು ಹಾಡು. ಕೊನೆಗೂ ಅವನು ರಂಗಕ್ಕೆ ಬಂದಾಗ ಕುರ್ಚಿಗಳೆಲ್ಲ ಖಾಲಿ. ಉಳಿದವರು ಒಬ್ಬ ಅಜ್ಜಿ, ಒಬ್ಬ ಹುಡುಗ. ಫ್ರೆಂಚ್ ನಿರ್ದೇಶಕ ಸಿಲ್ವೇನ್ ಶೋಮೆ 2010ರಲ್ಲಿ ತೆರೆಗೆ ತಂದ ‘ದಿ ಇಲ್ಯೂಷನಿಸ್ಟ್’ ಎಂಬ ಆನಿಮೇಷನ್ ಚಿತ್ರದ ದೃಶ್ಯವಿದು. ಚಿತ್ರದುದ್ದಕ್ಕೂ ಸಂಭಾಷಣೆ ಎನ್ನುವಂಥದ್ದು ಇಲ್ಲವೇ ಇಲ್ಲ ಎನ್ನಬಹುದು. ಇಂಗ್ಲಿಷ್, ಫ್ರೆಂಚ್, ಗೇಲಿಕ್ ಭಾಷೆಗಳ ಅಷ್ಟಿಷ್ಟು ಗೊಣಗಾಟ ಕೇಳಿಸುತ್ತದೆ, ಅಷ್ಟೆ.

ಕಥೆ ಫ್ರೆಂಚ್ ನಟ-ನಿರ್ದೇಶಕ ಝಾಕ್ ತಾತಿಯದು. 1950ರ ದಶಕದ ಕೊನೆಯ ವರ್ಷಗಳಲ್ಲಿ ಬರೆದು, ಸಿನಿಮಾ ಮಾಡದೆ ಬಿಟ್ಟ ಚಿತ್ರಕಥೆ. ತಾತಿ ನಟನಾಗಿ ಪಳಗಿದ್ದೇ ಹಾಡು, ಹಾಸ್ಯ, ಜಾದೂ ಎಲ್ಲ ನಡೆಯುತ್ತಿದ್ದ ಮ್ಯೂಸಿಕ್ ಹಾಲ್‌ಗಳಲ್ಲಿ. 1930ರ ದಶಕದಲ್ಲಿ ಟೆನಿಸ್ ಆಟಗಾರನನ್ನೂ ಫುಟ್ಬಾಲ್ ಗೋಲಿಯನ್ನೂ ಮೂಕಾಭಿನಯದಲ್ಲಿ ತೋರಿಸಿ ಹೆಸರು ಮಾಡಿದವನು. ಕುದುರೆ ಸವಾರನ ಜೊತೆಗೆ ಕುದುರೆಯೂ ತಾನೇ ಆಗುತ್ತಿದ್ದ! ಅವನ ಹುಟ್ಟುಹೆಸರು ತಾತಿಶೆಫ್. ಚಿತ್ರದ ಜಾದೂಗಾರನಿಗೂ ಅದೇ ಹೆಸರು.

ಆ ಜಾದೂಗಾರನ ಕಸುಬಿಗೆ ಮರ್ಯಾದಸ್ಥ ರೂಪ ಕೊಟ್ಟವನು ಪ್ಯಾರಿಸ್ಸಿನ ರಾಬೇರ್-ಊದಾಂ. ಮೂಲತಃ ಗಡಿಯಾರ ತಯಾರಕ. ಸಂತೆ ಬಯಲಿನ ಕಣ್ಕಟ್ಟನ್ನು ಸಂಜೆಯ ಔತಣಕ್ಕೆ ಹೊರಟ ದೊಡ್ಡಮನುಷ್ಯರ ಉಡುಪು ತೊಟ್ಟು, 1845ರಲ್ಲಿ ಪಾಲೆ-ರೊಯಾಲ್‌ನ ಪುಟ್ಟ ರಂಗಮಂದಿರಕ್ಕೆ ತಂದ. ಅವನ ಯಾಂತ್ರಿಕ ಕಿತ್ತಳೆ ಗಿಡ ಪ್ರೇಕ್ಷಕರ ಕಣ್ಣೆದುರೇ ಹೂ ಬಿಡುತ್ತಿತ್ತು, ಕಾಯಿ ಬಿಡುತ್ತಿತ್ತು. ಕೊನೆಯ ಹಣ್ಣು ಬಿರಿದಾಗ ಎರಡು ಚಿಟ್ಟೆಗಳು ಪ್ರೇಕ್ಷಕರೊಬ್ಬರಿಂದ ಪಡೆದ ಕರವಸ್ತ್ರವನ್ನು ಮೇಲಕ್ಕೆತ್ತಿ ತೋರಿಸುತ್ತಿದ್ದವು.

ಊದಾಂನ ಹೆಸರಿನ ರಂಗಮಂದಿರವನ್ನು 1888ರಲ್ಲಿ ಕೊಂಡವನು ಜಾದೂಗಾರ ಜಾರ್ಜ್ ಮೆಲಿಯೆಸ್. 1895ರ ಡಿಸೆಂಬರ್ 28ರಂದು ಲೂಮಿಯೇರ್ ಸೋದರರ ಚಲನಚಿತ್ರ ಪ್ರದರ್ಶನ ನೋಡಿದ ಮೇಲೆ ಅವನಿಗೆ ಸಿನಿಮಾ ಹುಚ್ಚು ಹಿಡಿಯಿತು. ಮರುವರ್ಷವೇ ಹೆಂಗಸನ್ನು ಮಾಯಮಾಡುವ ಹಳೆಯ ಆಟವನ್ನು ಚಿತ್ರೀಕರಿಸಿದ. ರಂಗದ ಮೇಲೆ ಆ ಆಟಕ್ಕೆ ಕುರ್ಚಿಯ ಕೆಳಗೊಂದು ಗುಪ್ತ ಬಾಗಿಲು ಬೇಕಿತ್ತು. ಇಲ್ಲಿ ಕ್ಯಾಮೆರಾ ನಿಲ್ಲಿಸಿ, ಹೆಂಗಸನ್ನು ಎಬ್ಬಿಸಿ ಕಳಿಸಿ, ಮತ್ತೆ ಶುರುಮಾಡಿದರೆ ಆಯಿತು. ರಂಗದ ಜಾದೂವಿಗೆ ಮೊದಲ ಪೆಟ್ಟು ಕೊಟ್ಟವನು ಜಾದೂಗಾರನೇ. ಅವನೂ ಉದ್ಧಾರವಾಗಲಿಲ್ಲ. ದಿವಾಳಿಯೆದ್ದು ಮೊಂಪರ್ನಾಸ್ ರೈಲು ನಿಲ್ದಾಣದಲ್ಲಿ ಆಟಿಕೆ ಮಾರಿದ. ಊದಾಂ ರಂಗಮಂದಿರ 1920ರ ದಶಕದಲ್ಲಿ ರಸ್ತೆ ವಿಸ್ತರಣೆಗೆ ನೆಲಸಮವಾಯಿತು.

ಎರಡನೆಯ ಪೆಟ್ಟು ಟೆಲಿವಿಷನ್ನಿನದು. ಮೊದಮೊದಲು ಅದು ನೆಂಟನಂತೆಯೇ ಬಂತು. 1956ರ ಏಪ್ರಿಲ್ 9ರಂದು ಬಂಗಾಳದ ಜಾದೂಗಾರ ಪಿ.ಸಿ. ಸರ್ಕಾರ್ ಬಿಬಿಸಿಯ ‘ಪನೋರಮಾ’ದಲ್ಲಿ ಯುವತಿಯೊಬ್ಬಳನ್ನು ಗರಗಸದಿಂದ ಕೊಯ್ದರು. ಅವಳು ಎದ್ದು ನಿಲ್ಲುವ ಮೊದಲೇ ಕಾರ್ಯಕ್ರಮದ ಸಮಯ ಮುಗಿಯಿತು. ಹುಡುಗಿ ಸತ್ತೇಹೋದಳೆಂದು ಗಾಬರಿಯಾದ ವೀಕ್ಷಕರು ಬಿಬಿಸಿಗೆ ಫೋನಿನ ಮೇಲೆ ಫೋನು ಮಾಡಿದರು. ಸರ್ಕಾರರಿಗೆ ಇದಕ್ಕಿಂತ ದೊಡ್ಡ ಜಾಹೀರಾತು ಬೇಕಿರಲಿಲ್ಲ. ಆದರೆ ಊರೂರು ಅಲೆಯುವ ಸಣ್ಣ ಕಲಾವಿದನ ಲೆಕ್ಕವೇ ಬೇರೆ. ಹತ್ತು ನಿಮಿಷದ ಒಂದೇ ಆಟ ಊರು ಬದಲಾದಂತೆ ವರ್ಷಗಟ್ಟಲೆ ಅವನ ಹೊಟ್ಟೆ ತುಂಬಿಸುತ್ತಿತ್ತು. ಟಿವಿಯಲ್ಲಿ ಅದನ್ನು ಒಂದೇ ರಾತ್ರಿಯಲ್ಲಿ ದೇಶವೆಲ್ಲ ನೋಡಿಬಿಟ್ಟರೆ ನಾಳೆಗೇನು?

ಶೋಮೆಯ ಚಿತ್ರ ಹಿಡಿದಿರುವುದು ಈ ‘ನಾಳೆ’ಯನ್ನೇ. ಗೊಂಬೆ ಮಾತಾಡಿಸುವವನ ಗೊಂಬೆ ಅಂಗಡಿಯ ಗಾಜಿನ ಹಿಂದೆ ಮಾರಾಟಕ್ಕೆ ಕೂತಿದೆ. ಅದರ ಬೆಲೆಚೀಟಿ ಇಳಿಯುತ್ತ ಇಳಿಯುತ್ತ ಕೊನೆಗೆ ಪುಕ್ಕಟೆ ಎಂಬಲ್ಲಿಗೆ ಬಂದರೂ ಒಯ್ಯುವವರಿಲ್ಲ. ತಾತಿಶೆಫ್ ದೊಡ್ಡ ಅಂಗಡಿಯೊಂದರ ಕಿಟಕಿಯಲ್ಲಿ ನಿಂತು ಅಲ್ಲಿನ ಸರಕನ್ನೇ ಕೈಚಳಕದಿಂದ ಹೊರತೆಗೆದು ತೋರಿಸುತ್ತಾನೆ.

ತಾತಿ ಬರೆದ ಕಥೆ ಪ್ರಾಗ್ ನಗರಕ್ಕೆ ಹೋಗುತ್ತಿತ್ತು. ಶೋಮೆ ಅದನ್ನು ತಮ್ಮ ಸ್ಟುಡಿಯೊ ಇದ್ದ ಸ್ಕಾಟ್ಲೆಂಡಿನ ಎಡಿನ್‌ಬರಾಕ್ಕೆ ತಂದರು. ಅನುಕೂಲಕ್ಕೆ ಮಾಡಿದ ಬದಲಾವಣೆಯೇ ಇರಬಹುದು, ಆದರೆ ಈ ಕಥೆಗೆ ಅದಕ್ಕಿಂತ ಒಳ್ಳೆಯ ಊರು ಸಿಗುತ್ತಿರಲಿಲ್ಲ. ‘ದಿ ಗ್ರೇಟ್ ಲಫಾಯೆಟ್’ ಎಂದು ಹೆಸರಾದ ಜಾದೂಗಾರ ಸತ್ತದ್ದು ಅಲ್ಲಿಯೇ. 1911ರ ಮೇ 9ರ ರಾತ್ರಿ ಎಂಪೈರ್ ಪ್ಯಾಲೇಸ್ ರಂಗಮಂದಿರದಲ್ಲಿ ದೀಪವೊಂದರಿಂದ ರಂಗಕ್ಕೆ ಬೆಂಕಿ ಹತ್ತಿದಾಗ ಜನ ಅದನ್ನೂ ಆಟದ ಭಾಗವೆಂದೇ ಕೂತಿದ್ದರು. ವಾದ್ಯವೃಂದ ರಾಷ್ಟ್ರಗೀತೆ ನುಡಿಸಿತು, ಎಲ್ಲರೂ ಎದ್ದು ಹೊರನಡೆದು ಬದುಕಿಕೊಂಡರು. ರಂಗದ ಕಡೆಯವರಲ್ಲಿ 11 ಮಂದಿ ಸತ್ತರು. ಲಫಾಯೆಟ್‌ನದೆಂದು ಎತ್ತಿಟ್ಟ ಶವ ಅವನ ವೇಷಧಾರಿ ಜೋಡಿಯದಾಗಿತ್ತು. ಬೆರಳಿನ ಉಂಗುರಗಳಿಂದ ನಿಜವಾದ ದೇಹದ ಗುರುತು ಹತ್ತಿತು. ಜಾದೂಗಾರ ಹೂಡಿನಿ ಉಡುಗೊರೆ ಕೊಟ್ಟಿದ್ದ ನಾಯಿ ‘ಬ್ಯೂಟಿ’ಯ ಜೊತೆಗೇ ಅವನನ್ನು ಪಿಯರ್ಸ್‌ಹಿಲ್ ಸ್ಮಶಾನದಲ್ಲಿ ಹೂಳಿದರು.

ಆ ರಂಗಮಂದಿರವನ್ನು 1928ರಲ್ಲಿ ಹೊಸದಾಗಿ ಕಟ್ಟಿದರು. ಚಿತ್ರದ ಕಥೆ ನಡೆಯುವ ಕಾಲಕ್ಕೆ ನಾಲ್ಕೇ ವರ್ಷ ಕಳೆದು, 1963ರಲ್ಲಿ, ಅದು ಬಿಂಗೋ ಆಡುವ ಹಾಲ್ ಆಯಿತು. 1994ರಿಂದ ಅಲ್ಲಿ ‘ಫೆಸ್ಟಿವಲ್ ಥಿಯೇಟರ್’ ಹೆಸರಿನಲ್ಲಿ ಮತ್ತೆ ಪ್ರದರ್ಶನಗಳು ನಡೆಯುತ್ತಿವೆ.