ಸಿದ್ದಾಪುರದ ಬಂಡೆಯೂ ಆತ್ಮಸಂಸ್ಕರಣೆಯ ಪ್ರಶ್ನೆಯೂ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರ, ಬ್ರಹ್ಮಗಿರಿ ಹಾಗೂ ಜಟಿಂಗ ರಾಮೇಶ್ವರ ಬೆಟ್ಟ ಒಂದಕ್ಕೊಂದು ಸಮೀಪದಲ್ಲಿವೆ. ಈ ಮೂರು ಸ್ಥಳಗಳಲ್ಲಿಯೂ ಇರುವ ಅಶೋಕನ ಕಿರು ಬಂಡೆಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದರು. ಮೌರ್ಯರ ಆಳ್ವಿಕೆ ದಕ್ಷಿಣದಲ್ಲಿ ಎಲ್ಲಿಯವರೆಗೆ ಹಬ್ಬಿತ್ತೆಂಬುದಕ್ಕೆ ಸಾಕ್ಷ್ಯವೆಂದು ಇತಿಹಾಸಕಾರರು ಇವನ್ನು ಉಲ್ಲೇಖಿಸುವುದು ವಾಡಿಕೆ. ನೈತಿಕ ದೇವಶಾಸ್ತ್ರದ ವಿದ್ಯಾರ್ಥಿಗೆ ಇವು ಮುಖ್ಯವಾಗುವುದು ಬೇರೊಂದು ಕಾರಣದಿಂದ. ಮನುಷ್ಯನು ತನ್ನ ಶ್ರಮದಿಂದ ತನ್ನನ್ನು ತಿದ್ದಿಕೊಳ್ಳಬಲ್ಲನೇ ಎಂಬ ಪ್ರಶ್ನೆಗೆ ನಮ್ಮ ನಾಡಿನಲ್ಲಿ ದೊರೆಯುವ ಅತ್ಯಂತ ಹಳೆಯ ಲಿಖಿತ ಉತ್ತರಗಳಲ್ಲಿ ಇದೂ ಒಂದು.

ಶಾಸನದ ಆರಂಭ ಆಡಳಿತ ಪತ್ರದಂತಿದೆ. ಸುವರ್ಣಗಿರಿಯ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕ್ಷೇಮವನ್ನು ಕೋರಿ, ದೇವಾನಾಂಪ್ರಿಯನ ಮಾತನ್ನು ತಲುಪಿಸುತ್ತಾರೆ. ಆದರೆ ಆ ಮಾತು ಅಪ್ಪಣೆಯಿಂದ ತೊಡಗುವುದಿಲ್ಲ. ತಾನು ಉಪಾಸಕನಾಗಿ ಎರಡೂವರೆ ವರ್ಷಗಳಿಗೂ ಮಿಕ್ಕಿದೆ. ಆದರೂ ಒಂದು ವರ್ಷ ಸರಿಯಾಗಿ ಶ್ರಮಿಸಲಿಲ್ಲ. ಸಂಘದ ಸನಿಹಕ್ಕೆ ಬಂದ ಮೇಲೆಯೇ ತಾನು ದೃಢವಾಗಿ ಶ್ರಮಿಸಿದ್ದೆಂದು ಅರಸನು ಒಪ್ಪಿಕೊಳ್ಳುತ್ತಾನೆ. ದಾನವನ್ನೂ ದಿಗ್ವಿಜಯವನ್ನೂ ಸಾರುವ ಶಾಸನಗಳನ್ನೇ ಓದಿ ಬಂದವರಿಗೆ ಈ ಸಾಲುಗಳು ಅಚ್ಚರಿ ತರುತ್ತವೆ. ಶ್ರಮದ ಈ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಶ್ರಮಿಸುವ ಕಿರಿಯನೂ ವಿಪುಲ ಸ್ವರ್ಗವನ್ನು ಪಡೆಯಬಲ್ಲನೆಂಬುದು ಮುಂದಿನ ಮಾತು. ‘ಪಕಮ’, ಅಂದರೆ ದೃಢಪ್ರಯತ್ನ, ಇಡೀ ಶಾಸನದ ಕೇಂದ್ರಪದ. ಆ ಬಳಿಕ ಕರ್ತವ್ಯಗಳು ಬರುತ್ತವೆ: ತಂದೆತಾಯಿಯರ ಸೇವೆ, ಜೀವಿಗಳಲ್ಲಿ ದಯೆ, ಸತ್ಯವಚನ, ಶಿಷ್ಯನು ಆಚಾರ್ಯನಿಗೆ ಸಲ್ಲಿಸಬೇಕಾದ ಗೌರವ, ಬಂಧುಗಳೊಡನೆ ಯೋಗ್ಯ ನಡವಳಿಕೆ. ಇದೆಲ್ಲ ಹೊಸತಲ್ಲ, ‘ಪೋರಾಣಾ ಪಕಿತಿ’, ಪುರಾತನ ರೀತಿ ಎಂದು ಶಾಸನವೇ ಹೇಳುತ್ತದೆ.

ಕನ್‌ಫ್ಯೂಷಿಯಸ್‌ನ (ಕ್ರಿ.ಪೂ. 551–479) ಪರಂಪರೆಯನ್ನು ಬಲ್ಲವರಿಗೆ ಈ ಪಟ್ಟಿ ಪರಿಚಿತವೆನಿಸುತ್ತದೆ. ಅವನೂ ತಾನು ಹೊಸದನ್ನು ಸೃಷ್ಟಿಸುವವನಲ್ಲ, ಹಳೆಯದನ್ನು ದಾಟಿಸುವವನೆಂದು ಹೇಳಿಕೊಂಡನು. ಅವನ ನೀತಿಯೂ ಮಾತಾಪಿತೃಭಕ್ತಿಯಲ್ಲಿಯೇ ಬೇರೂರಿದೆ. ಚಕ್ರವರ್ತಿಯಿಂದ ಸಾಮಾನ್ಯನವರೆಗೆ ಎಲ್ಲರಿಗೂ ಆತ್ಮಸಂಸ್ಕರಣೆಯೇ ಮೂಲವೆಂಬುದು ‘ಮಹಾವಿದ್ಯೆ’ ಎಂಬ ಗ್ರಂಥದ ಬೋಧೆ. ಅಶೋಕನ ಸರಿಸುಮಾರು ಸಮಕಾಲೀನನಾದ ಶುನ್‌ತ್ಸು ಮಾನವ ಸ್ವಭಾವವೇ ಕೆಟ್ಟದ್ದೆಂದನು. ಅದಕ್ಕೂ ಮೊದಲು ಮೆನ್ಷಿಯಸ್ ಅದರಲ್ಲಿ ಒಳಿತಿನ ಮೊಳಕೆಗಳಿವೆಯೆಂದಿದ್ದನು. ಸ್ವಭಾವದ ವಿಷಯದಲ್ಲಿ ಇಬ್ಬರೂ ಎದುರುಬದುರು ನಿಂತರೂ, ಯಾವ ಮನುಷ್ಯನಾದರೂ ಸಾಧನೆಯಿಂದ ಋಷಿಸಮಾನನಾಗಬಲ್ಲನೆಂಬಲ್ಲಿ ಒಂದಾಗುತ್ತಾರೆ. ಸಿದ್ದಾಪುರದ ಮಾತು ಚೀನಾದಿಂದ ಬಂತೆಂದೋ ಇಲ್ಲಿಂದ ಅಲ್ಲಿಗೆ ಹೋಯಿತೆಂದೋ ಊಹಿಸುವ ಅಗತ್ಯವಿಲ್ಲ. ಮನೆ, ಗುರು, ನೆಂಟಸ್ತಿಕೆಗಳಲ್ಲಿ ಬಾಳುವ ಎರಡು ಸಮಾಜಗಳು ಒಂದೇ ನೆಲವನ್ನು ಅಗೆದಿವೆ.

ಇಲ್ಲಿ ನಮ್ಮ ಗುರುಮಠಗಳಲ್ಲಿ ಒಂದು ಸಿದ್ಧ ಉತ್ತರ ಕೇಳಿಬರುತ್ತದೆ: ಇದು ಪೆಲಾಜಿಯಸ್‌ನ ವಾದ, ಕೃಪೆಯಿಲ್ಲದ ಸ್ವಪ್ರಯತ್ನ. ಈ ಆಕ್ಷೇಪಣೆ ಆತುರದ್ದೆಂದು ನನ್ನ ಅಭಿಪ್ರಾಯ. 529ರ ಆರೆಂಜ್ ಸಭೆಯು ವಿಶ್ವಾಸದ ಮೊದಲ ಹೆಜ್ಜೆಯೂ ಕೃಪೆಯದೇ ಎಂದು ಬೋಧಿಸಿತು; ಶ್ರಮ ಬೇಡವೆಂದು ಬೋಧಿಸಲಿಲ್ಲ. ಸಂತ ಪೌಲರು ಫಿಲಿಪ್ಪಿಯರಿಗೆ ಬರೆಯುವಾಗ, ಭಯಭಕ್ತಿಯಿಂದ ನಿಮ್ಮ ಉದ್ಧಾರವನ್ನು ಸಾಧಿಸಿಕೊಳ್ಳಿರೆಂದೂ ನಿಮ್ಮಲ್ಲಿ ಕಾರ್ಯ ಮಾಡುವಾತನು ದೇವರೆಂದೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಬೀಜಿಂಗ್‌ನಲ್ಲಿ 1603ರಲ್ಲಿ ತಮ್ಮ ಚೀನೀ ಧರ್ಮಗ್ರಂಥವನ್ನು ಪ್ರಕಟಿಸಿದ ಯೇಸುಸಭೆಯ ಮತ್ತೆಯೊ ರಿಚ್ಚಿಯವರು ಆತ್ಮಸಂಸ್ಕರಣೆಯನ್ನು ತಳ್ಳಿಹಾಕಲಿಲ್ಲ. ಅದು ಯಾರನ್ನು ಉದ್ದೇಶಿಸಿದ್ದೆಂದು ಕೇಳಿದರು. ಸಿದ್ದಾಪುರದ ಮುಂದೆ ನಾವು ಕೇಳಬೇಕಾದದ್ದೂ ಅದೇ. ಅರಸನ ಶ್ರಮಕ್ಕೆ ಸ್ವರ್ಗ ಫಲವಾಗಿದೆ. ಆದರೆ ಅವನ ಶ್ರಮವನ್ನು ಎಚ್ಚರಿಸಿ ಕರೆದವರು ಯಾರು? ಒಂದು ವರ್ಷದ ಜಡತೆ ಸಂಘದ ಸಾಮೀಪ್ಯದಿಂದ ಕರಗಿತೆಂದು ಅವನೇ ಹೇಳುವಾಗ, ತನ್ನ ಬಲವೊಂದೇ ಸಾಲಲಿಲ್ಲವೆಂಬುದನ್ನೂ ಒಪ್ಪಿದಂತಾಯಿತಲ್ಲವೇ?

ಮತ್ತೊಂದು ತೊಡಕು ಇದಕ್ಕಿಂತ ಗಂಭೀರವಾದದ್ದು. ಸದ್ಗುಣವನ್ನು ಅಧಿಕಾರಿಗಳ ಮೂಲಕ ಆಜ್ಞಾಪಿಸಬಹುದೇ? ಕಟ್ಟಳೆ ಮತ್ತು ದಂಡನೆಗಳಿಂದ ನಡೆಸಿದರೆ ಜನರು ತಪ್ಪಿಸಿಕೊಳ್ಳಲು ಕಲಿಯುತ್ತಾರೆಯೇ ಹೊರತು ಲಜ್ಜೆಯನ್ನಲ್ಲ ಎಂಬುದು ಕನ್‌ಫ್ಯೂಷಿಯಸ್‌ನ ಎಚ್ಚರಿಕೆ. ದಿನಚರಿ, ಗಂಟೆ, ಮೌನಗಳಿಂದ ಯಾಜಕರನ್ನು ರೂಪಿಸುವ ನಮಗೂ ಇದು ಹೊರಗಿನ ಪ್ರಶ್ನೆಯಲ್ಲ. ಗಂಟೆಗೆ ಸರಿಯಾಗಿ ದೇವಾಲಯಕ್ಕೆ ಬರುವವನು ಪ್ರಾರ್ಥಿಸುತ್ತಿದ್ದಾನೆಂದು ಗಂಟೆ ಹೇಳಲಾರದು.

ಅಶೋಕನು ಈ ಪ್ರಶ್ನೆಗೆ ಮರಳಿ ಬಂದನು. ಪಟ್ಟಾಭಿಷೇಕದ 27ನೆಯ ವರ್ಷದಲ್ಲಿ ಹೊರಡಿಸಿದ, ಈಗ ದೆಹಲಿಯಲ್ಲಿರುವ ತೋಪ್ರಾ ಸ್ತಂಭದ ಏಳನೆಯ ಶಾಸನದಲ್ಲಿ, ಧರ್ಮದ ಬೆಳವಣಿಗೆಗೆ ತಾನು ಬಳಸಿದ ಎರಡು ಉಪಾಯಗಳನ್ನು ಅವನು ತೂಗಿ ನೋಡುತ್ತಾನೆ. ಒಂದು ನಿಯಮ, ಇಂತಿಂಥ ಪ್ರಾಣಿಗಳನ್ನು ಕೊಲ್ಲಬಾರದೆಂಬುದನ್ನು ಅದಕ್ಕೆ ಉದಾಹರಣೆಯಾಗಿ ಕೊಡುತ್ತಾನೆ. ಇನ್ನೊಂದು ‘ನಿಝತಿ’, ಮನಸ್ಸು ಒಳಗಿನಿಂದಲೇ ಯೋಚಿಸಿ ಒಪ್ಪುವುದು. ನಿಯಮದಿಂದ ಆದದ್ದು ಅಲ್ಪ, ನಿಝತಿಯಿಂದ ಆದದ್ದೇ ಹೆಚ್ಚೆಂದು ಅವನು ಅಲ್ಲಿ ಬರೆಯಿಸಿದ್ದಾನೆ.