ಪನ್ನೀರು: ಮದುವೆ ಮಂಟಪದಿಂದ ಅಡುಗೆ ಮನೆಯವರೆಗೆ

ನಂಜನಗೂಡು: ಕಪಿಲಾ ತೀರದ ನಂಜನಗೂಡಿನಲ್ಲಾಗಲಿ, ಕಪಿಲೆಯು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದಲ್ಲಾಗಲಿ, ಮದುವೆ ಮಂಟಪದ ಬಾಗಿಲಲ್ಲಿ ಅತಿಥಿಗಳನ್ನು ಎದುರುಗೊಳ್ಳುವುದು ಪನ್ನೀರಿನ ಹನಿ. ಅಭಿಷೇಕಕ್ಕೂ ಬಳಕೆಯಾಗುವ ಈ ಸುಗಂಧಜಲವೇ ಅಂಗಡಿಯಲ್ಲಿ 'ರೋಸ್ ವಾಟರ್' ಎಂಬ ಹೆಸರಿನಿಂದ ಸಿಗುತ್ತದೆ. ಆದರೆ ಆ ಹೆಸರಿನ ಬಾಟಲಿಗಳೆಲ್ಲ ಪನ್ನೀರಲ್ಲ.

ಶುದ್ಧ ಪನ್ನೀರು ಭಟ್ಟಿ ಇಳಿಸಿದ ನೀರು. ಉತ್ತರ ಪ್ರದೇಶದ ಕನೌಜಿನಲ್ಲಿ ಇಂದಿಗೂ ತಾಮ್ರದ ಹಂಡೆಗಳಲ್ಲಿ ಗುಲಾಬಿ ಎಸಳುಗಳನ್ನು ನೀರಿನೊಡನೆ ಕಾಯಿಸಿ, ಆವಿಯನ್ನು ತಣಿಸಿ ಇದನ್ನು ಪಡೆಯುತ್ತಾರೆ. ಗುಲಾಬಿಯ ಪರಿಮಳದ ಪ್ರಮುಖ ಅಂಶವಾದ ಫಿನೈಲ್ ಈಥೈಲ್ ಆಲ್ಕೊಹಾಲ್ ನೀರಿನಲ್ಲಿ ಕರಗುವುದರಿಂದ, ತೈಲವನ್ನು ಬೇರ್ಪಡಿಸಿದ ಬಳಿಕವೂ ನೀರಿನಲ್ಲಿ ಸುವಾಸನೆ ಉಳಿಯುತ್ತದೆ. ಭಟ್ಟಿ ಇಳಿಸಿದ ನೀರಿಗೆ ಬಣ್ಣವಿರುವುದಿಲ್ಲ. ನಸುಗೆಂಪು ಬಣ್ಣದ ಬಾಟಲಿಯಲ್ಲಿ ಬಣ್ಣ ಬೆರೆತಿದೆ ಅಥವಾ ಅದು ಎಸಳು ಕುದಿಸಿ ಸೋಸಿದ ಕಷಾಯ ಎಂದೇ ತಿಳಿಯಬೇಕು.

ಮನೆಯಲ್ಲಿಯೂ ತಯಾರಿಸಬಹುದು. ಪಾತ್ರೆಯ ನಡುವೆ ಇಟ್ಟಿಗೆಯ ಮೇಲೊಂದು ಬಟ್ಟಲಿಟ್ಟು, ಸುತ್ತಲೂ ಎಸಳು ಮತ್ತು ನೀರು ಹಾಕಿ, ಮುಚ್ಚಳವನ್ನು ಬೋರಲಾಗಿ ಮುಚ್ಚಿ ಅದರ ಮೇಲೆ ಮಂಜುಗಡ್ಡೆ ಇಟ್ಟು ಸಣ್ಣ ಉರಿಯಲ್ಲಿ ಕಾಯಿಸಿದರೆ ಬಟ್ಟಲಲ್ಲಿ ಪನ್ನೀರು ಸಂಗ್ರಹವಾಗುತ್ತದೆ. ಮಾರುಕಟ್ಟೆಯ ಹಾರದ ಗುಲಾಬಿ ಮಾತ್ರ ಬೇಡ. ಅದಕ್ಕೆ ಕೀಟನಾಶಕ ಸಿಂಪಡಿಸಿರುವ ಸಾಧ್ಯತೆ ಹೆಚ್ಚು. ಮನೆಯಂಗಳದ, ಔಷಧ ಹೊಡೆಯದ ನಾಟಿ ಗುಲಾಬಿಯೇ ಲೇಸು.

ತ್ವಚೆಯ ವಿಷಯದಲ್ಲಿ ಪನ್ನೀರಿನ ಗುಣವನ್ನು ಅತಿಯಾಗಿ ಹೊಗಳುವವರೇ ಹೆಚ್ಚು. ಮುಖ ತೊಳೆದ ನಂತರ ಹತ್ತಿಯಿಂದ ಹಚ್ಚಿದರೆ ತಂಪೆನಿಸುತ್ತದೆ. ಗ್ಲಿಸರಿನ್ ಬೆರೆಸಿದರೆ ಚಳಿಗಾಲದ ಒಣ ಚರ್ಮಕ್ಕೆ ಹಿತ. ಗಂಧ ತೇಯಲು, ಮುಲ್ತಾನಿ ಮಣ್ಣು ಕಲಸಲು ಅನುಕೂಲ. ಮೊಡವೆ, ಕಪ್ಪು ಕಲೆಗಳನ್ನು ಅದು ವಾಸಿ ಮಾಡುತ್ತದೆಂಬ ಮಾತಿಗೆ ಗಟ್ಟಿ ಆಧಾರವಿಲ್ಲ. ಪರಿಮಳದ್ರವ್ಯ ಕೆಲವರಿಗೆ ಒಗ್ಗದು. ಮೊದಲು ಮೊಣಕೈಯ ಒಳಭಾಗಕ್ಕೆ ಹಚ್ಚಿ ಒಂದು ದಿನ ಕಾಯುವುದು ಕ್ಷೇಮ. ಉರಿಗಣ್ಣಿಗೆ ಎರಡು ಹನಿ ಬಿಡುವ ಹಳೆಯ ರೂಢಿಯನ್ನಂತೂ ಕೈಬಿಡಬೇಕು. ಅಂಗಡಿಯ ಬಾಟಲಿಯ ನೀರು ಕಣ್ಣಿನ ಔಷಧದಂತೆ ಸೂಕ್ಷ್ಮಾಣುರಹಿತವಲ್ಲ, ಸೋಂಕು ತಗುಲಬಹುದು.

ಅಡುಗೆಗೆ ಬೇಕಾದುದು ಬೇರೆಯದೇ ಬಾಟಲಿ. 'ಬಾಹ್ಯ ಬಳಕೆಗೆ ಮಾತ್ರ' ಎಂದಿರುವುದನ್ನು ಪಾಯಸಕ್ಕೆ ಹಾಕುವಂತಿಲ್ಲ. ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ನೋಡಿ ಕೊಳ್ಳಬೇಕು. ಒಂದು ಲೀಟರ್ ಹಾಲಿನ ಪಾಯಸಕ್ಕೆ ಒಂದು ಟೀ ಚಮಚ ಸಾಕು. ಹೆಚ್ಚಾದರೆ ಸೋಪಿನ ವಾಸನೆ ಬಂದೀತು. ಒಲೆ ಆರಿಸಿದ ಮೇಲೆಯೇ ಬೆರೆಸಬೇಕು, ಕುದಿಯುವಾಗ ಹಾಕಿದರೆ ಪರಿಮಳ ಆವಿಯೊಂದಿಗೆ ಹಾರಿಹೋಗುತ್ತದೆ. ಜಾಮೂನಿನ ಪಾಕ, ಫಿರ್ನಿ, ಬಿರಿಯಾನಿ, ಲಸ್ಸಿಗೆ ಒಪ್ಪುತ್ತದೆ. ಬಾಳೆಹಣ್ಣಿನ ರಸಾಯನಕ್ಕೂ ಹಾಕುವವರಿದ್ದಾರೆ. ಆದರೆ ಸೊರಗು ರೋಗಕ್ಕೆ ತುತ್ತಾಗಿ ಅಪರೂಪವಾದ, ಭೌಗೋಳಿಕ ಸೂಚಕ ಪಡೆದ ನಂಜನಗೂಡು ರಸಬಾಳೆ ಕೈಗೆ ಸಿಕ್ಕಿದ್ದರೆ ಪನ್ನೀರನ್ನು ದೂರವಿಡುವುದೇ ಸರಿ; ಆ ಹಣ್ಣಿಗೆ ತನ್ನದೇ ಘಮವುಂಟು.

ಮನೆಯಲ್ಲಿ ಇಳಿಸಿದ ಪನ್ನೀರಿಗೆ ಸಂರಕ್ಷಕವಿಲ್ಲ. ಕುದಿನೀರಲ್ಲಿ ತೊಳೆದ ಗಾಜಿನ ಶೀಶೆಯಲ್ಲಿ ತುಂಬಿ, ಫ್ರಿಜ್‌ನಲ್ಲಿಟ್ಟು ಒಂದೆರಡು ವಾರದೊಳಗೆ ಮುಗಿಸಬೇಕು. ಕದಡಿದ ಅಥವಾ ವಾಸನೆ ಕೆಟ್ಟ ಪನ್ನೀರನ್ನು ಚೆಲ್ಲಬೇಕು.