ಹಾರ ಹಾಕಲು ಒಂದು ಫೋಟೋ

ಜೆ.ಪಿ. ನಗರದ ಗೆಳೆಯ ತೀರಿಕೊಂಡಾಗ, ಹಾರ ಹಾಕಲು ಮನೆಯಲ್ಲಿ ಅವನೊಬ್ಬನದೇ ಫೋಟೋ ಸಿಗಲಿಲ್ಲ. ಅವನ ಲಿಂಕ್ಡ್‌ಇನ್ ಚಿತ್ರವನ್ನೇ ಉಳಿಸಿಕೊಂಡು ಜಯನಗರದ ಸ್ಟುಡಿಯೋಗೆ ಒಯ್ದೆ. ದೊಡ್ಡದು ಮಾಡಿದಂತೆಲ್ಲ ಮುಖ ಮಸುಕಾಯಿತು.

ಮುಖವನ್ನು ವಿಸಿಟಿಂಗ್ ಕಾರ್ಡಿನ ಅಳತೆಗಿಳಿಸಿ 1854ರಲ್ಲಿ ಪೇಟೆಂಟ್ ಪಡೆದವನು ಪ್ಯಾರಿಸ್ಸಿನ ಡಿಸ್ಡೇರಿ. ಒಂದೇ ಗಾಜಿನ ಫಲಕದ ಮೇಲೆ ಹಲವು ಚಿತ್ರ ತೆಗೆದದ್ದರಿಂದ ಫೋಟೋ ಅಗ್ಗವಾಯಿತು. ಜನ ನೆಂಟರ ಜೊತೆಗೆ ರಾಜರಾಣಿಯರನ್ನೂ ಆಲ್ಬಮ್ಮಿನಲ್ಲಿ ಕೂಡಿಟ್ಟರು. ಕೈಗೆ ಕೊಟ್ಟ ಮೇಲೆ ಆ ಕಾರ್ಡು ಪಡೆದವರದು.

2003ರಲ್ಲಿ ಶುರುವಾದ ಲಿಂಕ್ಡ್‌ಇನ್‌ನಲ್ಲಿ ಮೊದಲು ಮುಖಗಳೇ ಇರಲಿಲ್ಲ. ಫೋಟೋ ಬಂದದ್ದು 2007ರಲ್ಲಿ. ಅಲ್ಲಿ ಯಾರೂ ಮುಖವನ್ನು ಕೊಡುವುದಿಲ್ಲ, ತೋರಿಸುತ್ತಾರಷ್ಟೇ. ಹಾಗಾದರೆ ನಾನು ಉಳಿಸಿಕೊಂಡದ್ದು ಕದ್ದಂತೆಯೇ? ಕೇಳೋಣವೆಂದರೆ ಅವನಿಲ್ಲ.

ಫ್ರೇಮು ಕೈಗಿತ್ತಾಗ ಅವನ ತಾಯಿ ತುಂಬ ಹೊತ್ತು ನೋಡಿದರು. “ಟೈ ಕಟ್ಕೊಂಡಿದಾನಲ್ಲಪ್ಪ, ಇದು ಯಾವಾಗ ತೆಗೆಸಿದ್ದು?”